ಕೇದಗೆಬೈಲಿನ ಗಾಳಿ ಉಣ್ಣುವವ

ಮೀಥೇನ್ ಎಂಬ ಗಾಳಿಯನ್ನೇ ಅನ್ನ ಮಾಡಿಕೊಂಡು ಬದುಕುವ ಬ್ಯಾಕ್ಟೀರಿಯಾವನ್ನು ಈ ಭೂಮಿಯ ಮೇಲೆ ಮೊತ್ತಮೊದಲು ಹಿಡಿದವನು ನಾನು.

ಸುಳ್ಳು. ಹಿಡಿದವನು ಹಮ್ಮಣ್ಣ ನಾಯಕ. ನಾನು ಬಾಟಲಿ ಹಿಡಿದುಕೊಂಡಿದ್ದೆ. ಮೊತ್ತಮೊದಲು ಅಂದದ್ದೂ ಸುಳ್ಳು. ಅಂಥವನ್ನು ಹೊರದೇಶದವರು ನಮ್ಮಜ್ಜನ ಕಾಲದಿಂದಲೂ ಹಿಡಿಯುತ್ತಿದ್ದಾರೆ. ಆದರೆ ಈ ಒಂದು ಜಾತಿ ಮೊದಲು ಸಿಕ್ಕಿದ್ದು ನಮ್ಮ ಹೊಳೆದಂಡೆಯಲ್ಲಿ. ಅಷ್ಟು ನಿಜ. ಉಳಿದದ್ದರಲ್ಲಿ ಯಾವುದು ನಿಜ ಅಂತ ನೀವೇ ಆರಿಸಿಕೊಳ್ಳಿ. ಕೂತುಕೊಳ್ಳಿ, ಚಾ ಬರಲಿ.

ಅಘನಾಶಿನಿ ಸಮುದ್ರ ಸೇರುವಲ್ಲಿ, ತಾರಿ ದೋಣಿ ಬಂದು ನಿಲ್ಲುವ ಕಟ್ಟೆಯ ಪಕ್ಕ, ಒಂದು ಕಾಲಕ್ಕೆ ಉಪ್ಪು ತುಂಬಿಡುತ್ತಿದ್ದ ಹಳೆಯ ಕೋಠಿಯೊಂದಿತ್ತು. ಅದೇ ನಮ್ಮ ಪ್ರಯೋಗಶಾಲೆ. ಅದರ ಗೋಡೆ ಬೇಸಿಗೆಯಲ್ಲೂ ಬೆವರುತ್ತಿತ್ತು. ನೆಕ್ಕಿದರೆ ಉಪ್ಪು. ನಾನು ನೆಕ್ಕಿದ್ದೇನೆ.

ಗುರು ಶಾಂತೇರಿ ಶಾನಭಾಗ. ನಮ್ಮ ಕಡೆ ಕಲಿಸುವ ಹೆಂಗಸರಿಗೆ ಅಕ್ಕೋರು ಅನ್ನುತ್ತಾರೆ. ಎಷ್ಟು ದೊಡ್ಡ ವಿಜ್ಞಾನಿಯಾದರೂ ನಮಗೆ ಅವರು ಅಕ್ಕೋರೇ. ಕೋಠಿಯ ಹಿಂಬದಿಯ ಕೋಣೆಯಲ್ಲೇ ಅವರ ವಾಸ, ಅಲ್ಲೇ ಅಡುಗೆ. ಸೆರಗು ಸೊಂಟಕ್ಕೆ ಸಿಕ್ಕಿಸಿ ಕೆಸರಿಗೆ ಮೊದಲು ಇಳಿಯುವವರು ಅವರು. ಏನಾದರೂ ಕೇಳಿದರೆ ಉತ್ತರ ಸಿಗುತ್ತಿರಲಿಲ್ಲ, ಕೆಲಸ ಸಿಗುತ್ತಿತ್ತು.

ಶಿಷ್ಯರು ಇಬ್ಬರು. ಒಬ್ಬ ಹಮ್ಮಣ್ಣ, ಅಂಕೋಲೆಯ ಕಡೆಯವ, ತಲೆ ಬಗ್ಗಿಸಿದರೆ ಎತ್ತುವವನಲ್ಲ. ಇನ್ನೊಬ್ಬ ವಿಠೋಬ, ಅಂದರೆ ನಾನು. ಹಮ್ಮಣ್ಣ ಕೆಲಸ ಮಾಡುತ್ತಿದ್ದ. ಅವನು ಕೆಲಸ ಮಾಡುವುದನ್ನು ನಾನು ನೋಡುತ್ತಿದ್ದೆ. ನೋಡಿ ನೋಡಿ ದಣಿವಾದರೆ ತಾರಿಕಟ್ಟೆಯ ಅಂಗಡಿಗೆ ಹೋಗಿ ಅವನ ಹೆಸರಿಗೆ ಲೆಕ್ಕ ಬರೆಸಿ ಚಾ ಕುಡಿಯುತ್ತಿದ್ದೆ.

ಮೊದಲ ದಿನ ಅಕ್ಕೋರು ನಮ್ಮನ್ನು ಕೇದಗೆಬೈಲಿನ ಗಜನಿಗೆ ಕರೆದುಕೊಂಡು ಹೋದರು. ಗಜನಿ ಅಂದರೆ ಹೊಳೆಯ ಉಪ್ಪುನೀರು ಹತ್ತಿ ಇಳಿಯುವ ಭತ್ತದ ಗದ್ದೆ. ಸುತ್ತ ಮಣ್ಣಿನ ಒಡ್ಡು, ಒಡ್ಡಿನ ಮೇಲೆ ಕೇದಗೆ, ನಡುವೆ ಎದೆಮಟ್ಟದ ಕಗ್ಗ ಭತ್ತ. ಉಪ್ಪಿನಲ್ಲೇ ಬೆಳೆದ ಆ ಕಗ್ಗದ ಅಕ್ಕಿಯ ಗಂಜಿಗೆ ಒಂದು ರುಚಿ ಇತ್ತು ನೋಡಿ... ಇರಲಿ, ಹೇಳಿದರೆ ನನಗೆ ಹಸಿವಾಗುತ್ತದೆ.

ಅಕ್ಕೋರು ಕೆಸರಿಗೆ ಕೋಲು ಚುಚ್ಚಿದರು. ಗುಳುಗುಳು ಗುಳ್ಳೆ ಎದ್ದವು. ನೀರು ತುಂಬಿದ ಬಾಟಲಿಯನ್ನು ಬೋರಲು ಹಿಡಿದು ಗುಳ್ಳೆಗಳನ್ನು ಅದರೊಳಗೆ ತುಂಬಿಕೊಂಡರು. ಒಡ್ಡು ಹತ್ತಿ ಬಂದು ಬಾಟಲಿಯ ಬಾಯಿಗೆ ಕಡ್ಡಿ ಗೀರಿದರು. ಭಗ್ ಅಂತ ನೀಲಿ ಜ್ವಾಲೆ.

"ಎಂತದು ಇದು?"

"ಮೀಥೇನ್, ಅಕ್ಕೋರೇ," ಅಂದ ಹಮ್ಮಣ್ಣ. "ಕೆಸರು ಕೊಳೆತು ಹುಟ್ಟುವ ಗಾಳಿ."

"ಹುಟ್ಟಿದ್ದೆಲ್ಲ ಹೊರಗೆ ಬಂತಾ?"

"ಬಂತಲ್ಲ. ಉರೀತಲ್ಲ."

"ಕೋಲು ಚುಚ್ಚದೆ ಇದ್ದಿದ್ರೆ?"

ಹಮ್ಮಣ್ಣ ಗದ್ದೆಯ ಕಡೆ ನೋಡಿದ. ಕೋಲು ಚುಚ್ಚದ ಕಡೆ ನೀರು ಅಲುಗದೆ ನಿಂತಿತ್ತು.

"ಅಲ್ಲೂ ಹುಟ್ತಾ ಉಂಟು," ಅಂದರು ಅಕ್ಕೋರು. "ಮೇಲೆ ಬರೋದು ಸ್ವಲ್ಪವೇ. ನಡುವೆ ಯಾರೋ ಕೂತು ಉಣ್ತಾ ಇದ್ದಾರೆ."

"ಯಾರು?"

"ಅದನ್ನೇ ನಾನು ನಿನ್ನ ಹತ್ರ ಕೇಳ್ತಾ ಇರೋದು."

ನಾನು ಕೈ ಎತ್ತಿದೆ. "ನನಗೆಂತಾ ಕೆಲಸ, ಅಕ್ಕೋರೇ?"

"ನೀನು ಬಾಟಲಿ ಹಿಡ್ಕೋ."

ಹಿಡಿದೆ. ಅಲ್ಲಿಂದ ಶುರು.

ವಿಧಾನ ಕೇಳಲು ಸರಳ. ಒಂದು ಬಾಟಲಿಯಲ್ಲಿ ಉಪ್ಪುನೀರು, ನಾಲ್ಕಾರು ಲವಣ, ಚಿಟಿಕೆ ಕೆಸರು. ತಿನ್ನಲು ಬೇರೆ ಏನೂ ಇಲ್ಲ. ಸಕ್ಕರೆ ಇಲ್ಲ, ಗಂಜಿ ಇಲ್ಲ. ಬಿಗಿಯಾಗಿ ರಬ್ಬರಿನ ಬಿರಡೆ ಹಾಕಿ, ಸಿರಿಂಜಿನಲ್ಲಿ ಮೀಥೇನ್ ಚುಚ್ಚುವುದು. ಅದನ್ನು ಉಣ್ಣಬಲ್ಲವನು ಹೆಚ್ಚುತ್ತಾನೆ, ನೀರು ಮಬ್ಬಾಗುತ್ತದೆ. ಉಳಿದವರು ಉಪವಾಸ ಬೀಳುತ್ತಾರೆ. ಮಬ್ಬಾದ ನೀರಿನ ಒಂದು ತೊಟ್ಟು ಹೊಸ ಬಾಟಲಿಗೆ, ಅದರ ತೊಟ್ಟು ಮತ್ತೊಂದಕ್ಕೆ. ಕೊನೆಗೆ ಅಗರ್ ಎಂಬ ಲೋಳೆ ಹೊಯ್ದು ಹೆಪ್ಪುಗಟ್ಟಿಸಿದ ಗಾಜಿನ ತಟ್ಟೆಯ ಮೇಲೆ ಸೂಜಿಯಿಂದ ಗೆರೆ ಎಳೆದರೆ ಒಂದೊಂದು ಜಾತಿ ಒಂದೊಂದು ಚುಕ್ಕೆಯಾಗಿ ಎದ್ದು ನಿಲ್ಲುತ್ತದೆ.

ಮಾಡಲು ಹಮ್ಮಣ್ಣನ ಯೌವನವೇ ಹಿಡಿಯಿತು.

ಒಂದು ಬೆಳಿಗ್ಗೆ ಅವನು ತಟ್ಟೆ ಹಿಡಿದುಕೊಂಡು ಓಡಿ ಬಂದ. ತಟ್ಟೆಯ ತುಂಬ ದುಂಡಗಿನ, ಮಿರಿಮಿರಿ ಗುಲಾಬಿ ಚುಕ್ಕೆಗಳು.

"ಸಿಕ್ಕಿದ, ಅಕ್ಕೋರೇ! ಉಣ್ಣುವವ!"

ಅಕ್ಕೋರು ಕನ್ನಡಕ ಹಾಕಿಕೊಂಡು ನೋಡಿದರು. "ಚಂದ ಇದ್ದಾನೆ. ಹಸಿವಿಗೆ ಹಾಕಿ ನೋಡಿದ್ಯಾ?"

ಹಮ್ಮಣ್ಣ ನೋಡಿರಲಿಲ್ಲ. ಎರಡು ಜಾಡಿಗಳಲ್ಲಿ ಎರಡು ತಟ್ಟೆ ಇಟ್ಟ. ಒಂದಕ್ಕೆ ಮೀಥೇನ್ ತುಂಬಿದ, ಇನ್ನೊಂದಕ್ಕೆ ಇಲ್ಲ. ಕೆಲವು ದಿನ ಕಳೆದು ತೆಗೆದರೆ ಎರಡರಲ್ಲೂ ಗುಲಾಬಿ ನಗುತ್ತಿತ್ತು.

"ಮೀಥೇನ್ ಇಲ್ಲದ ಕಡೆ ಇವನು ಎಂತಾ ತಿಂದ?" ಹಮ್ಮಣ್ಣನ ಮುಖ ಇಳಿದುಹೋಗಿತ್ತು. "ತಟ್ಟೆಯಲ್ಲಿ ಏನೂ ಇರಲಿಲ್ಲ."

"ಅಗರ್ ಎಲ್ಲಿಂದ ಬಂತು?"

"ಸಮುದ್ರದ ಪಾಚಿಯಿಂದ."

"ಮತ್ತೆ? ಇಂಥವನಿಗೆ ಅಷ್ಟು ಸಾಕು."

"ಬಾಟಲಿಯಲ್ಲಿ ಅಗರೂ ಇರಲಿಲ್ಲ. ಅಲ್ಲಿ ಹೇಗೆ ಬದುಕಿದ?"

"ಊಟದ ಪಂಕ್ತಿ ನೋಡಿದ್ದೀ ಅಲ್ವಾ? ಉಣ್ಣುವವನ ಕೈಯಿಂದ ಸ್ವಲ್ಪ ಬೀಳ್ತದೆ. ಬಿದ್ದದ್ದನ್ನ ನಂಬಿಕೊಂಡು ಪಕ್ಕದಲ್ಲಿ ಒಬ್ಬ ಕೂತಿರ್ತಾನೆ."

"ಎಲೆ ನೆಕ್ಕುವವ!" ಅಂದೆ ನಾನು.

ಆ ಹೆಸರು ಅವನಿಗೆ ನಿಂತೇಬಿಟ್ಟಿತು. ನಾನು ವಿಜ್ಞಾನಕ್ಕೆ ಕೊಟ್ಟ ಕಾಣಿಕೆ ಅದೊಂದೇ.

ಅಕ್ಕೋರು ತಟ್ಟೆಯನ್ನು ಬೆಳಕಿಗೆ ಓರೆಯಾಗಿ ಹಿಡಿದರು. "ಚಂದದವನನ್ನ ಬಿಟ್ಟು ನೋಡು."

ಗುಲಾಬಿ ಚುಕ್ಕೆಗಳ ಸಂದಿಯಲ್ಲಿ ಧೂಳು ಕೂತ ಹಾಗೆ ಮಾಸಲು ಕಣಗಳಿದ್ದವು. ಮೀಥೇನ್ ಇದ್ದ ತಟ್ಟೆಯಲ್ಲಿ ಇದ್ದವು. ಇಲ್ಲದ ತಟ್ಟೆಯಲ್ಲಿ ಇರಲಿಲ್ಲ.

ಹಮ್ಮಣ್ಣ ಬಹಳ ಹೊತ್ತು ಉಸಿರಾಡಲಿಲ್ಲ. ನಾನು ಅವನ ಬೆನ್ನಿಗೆ ಗುದ್ದಿ ಉಸಿರಾಡಿಸಿದೆ.

ಇನ್ನು ಕುಲ ಹೇಳಬೇಕಲ್ಲ. ದೊಡ್ಡ ಊರಿನ ದೊಡ್ಡ ಸೂಕ್ಷ್ಮದರ್ಶಕದಿಂದ ಅದರ ಹೊಟ್ಟೆಯೊಳಗಿನ ಚಿತ್ರ ತರಿಸಿದರು. ಈ ಗಾಳಿ ಉಣ್ಣುವವರಲ್ಲಿ ಎರಡು ದೊಡ್ಡ ಮನೆತನ. ಒಬ್ಬರ ಹೊಟ್ಟೆಯಲ್ಲಿ ಪೊರೆಗಳು ಅಡುಗೆಮನೆಯ ತಟ್ಟೆಗಳ ಹಾಗೆ ಒಂದರ ಮೇಲೊಂದು ಪೇರಿಸಿರುತ್ತವೆ. ಇನ್ನೊಬ್ಬರಲ್ಲಿ ಗೋಡೆಗೆ ಸುತ್ತಲೂ ಚಾಪೆ ಒರಗಿಸಿಟ್ಟ ಹಾಗೆ. ನಮ್ಮವನದು ತಟ್ಟೆ ಪೇರಿಸಿದ ಮನೆತನ. ಆದರೆ ಆ ಮನೆತನದಲ್ಲಿ ಈ ಮುಖವನ್ನು ಯಾರೂ ಕಂಡಿರಲಿಲ್ಲ.

"ಹೊಸ ಜಾತಿ, ಅಕ್ಕೋರೇ. ಎಂತಾ ಹೆಸರಿಡೋಣ?"

"ಹೆಸರು ಆಮೇಲೆ. ಏನು ಉಣ್ತೀಯಪ್ಪ, ಯಾರ ಜೊತೆ ಕೂತು ಉಣ್ತೀಯಪ್ಪ, ಅಂತ ಅವನನ್ನ ಮೊದಲು ಕೇಳು."

ಈ ಎರಡು ಪ್ರಶ್ನೆಯಲ್ಲಿ ಹಮ್ಮಣ್ಣ ಮೊದಲನೆಯದನ್ನು ಮಾತ್ರ ಕೇಳಿಸಿಕೊಂಡ.

ಅವನದೂ ತಪ್ಪಲ್ಲ. ಹೊಸ ಜಾತಿಗೆ ಹೆಸರು ಸಿಗಬೇಕಾದರೆ ಸೂಕ್ಷ್ಮಜೀವಿಗಳ ಭಂಡಾರಕ್ಕೆ ಅದನ್ನು ಜೀವಂತವಾಗಿ ಕಳಿಸಬೇಕು. ಬೆರಕೆ ಇರಬಾರದು. ನಳಿಕೆಯಲ್ಲಿ ಅವನೊಬ್ಬನೇ ಇರಬೇಕು. ಬರುವ ಮಳೆಗಾಲ ಮುಗಿದರೆ ಅಕ್ಕೋರ ನಿವೃತ್ತಿ. ಅವರು ಹೋದರೆ ಕೋಠಿಗೆ ಬೀಗ. ಅಷ್ಟರೊಳಗೆ ಆಗದಿದ್ದರೆ ಉಣ್ಣುವವ ಹೆಸರಿಲ್ಲದೆ ಹೋಗುತ್ತಾನೆ, ಹಮ್ಮಣ್ಣ ಬರಿಗೈಯಲ್ಲಿ ಊರಿಗೆ ಹೋಗುತ್ತಾನೆ.

ಅವನಿಗೆ ಶುದ್ಧದ ಹುಚ್ಚು ಹಿಡಿಯಿತು. ಗಾಜನ್ನು ಆಮ್ಲದಲ್ಲಿ ತೊಳೆದ. ಮೇಜನ್ನು ಬ್ಲೀಚಿಂಗ್ ಪೌಡರಿನಲ್ಲಿ ತಿಕ್ಕಿದ. ಕೆಸರು ಕೂತ ಹಳೇ ಬಾಟಲಿಗಳನ್ನೆಲ್ಲ ಒಂದೊಂದಾಗಿ ಆವಿಯ ಕುಕ್ಕರಿಗೆ ಹಾಕಿ ಬೇಯಿಸಿಬಿಟ್ಟ.

ಒಂದು ಬಾಟಲಿ ಮಾತ್ರ ನನ್ನ ಆಶ್ರಯದಲ್ಲಿತ್ತು. ಮೊದಲ ದಿನದ ಕೆಸರಿನದು, ತಳದಲ್ಲಿ ಕಪ್ಪು, ಮೇಲೆ ಗುಲಾಬಿ ಮಬ್ಬು. ಅದನ್ನು ಕಿಟಕಿಯಲ್ಲಿಟ್ಟು ಕೊರಳಿಗೊಂದು ರಟ್ಟು ಕಟ್ಟಿದ್ದೆ: "ಶ್ರೀ ಮೀಥೇನಾನಂದ ಸ್ವಾಮಿಗಳು. ಪಾದರಕ್ಷೆ ಹೊರಗೆ ಬಿಡಿ." ಎದುರಿಗೆ ಒಂದು ದಾಸವಾಳ. ಆಗಾಗ ಸಿರಿಂಜಿನಲ್ಲಿ ಮೀಥೇನ್ ನೈವೇದ್ಯ. ತಪಾಸಣೆಗೆ ಬಂದ ದೊಡ್ಡ ಅಧಿಕಾರಿಯೊಬ್ಬರು ಬೂಟು ಬಿಚ್ಚಿ ಬಂದು ಅಡ್ಡಬಿದ್ದರು.

ಅಡ್ಡಬಿದ್ದದ್ದು ಸುಳ್ಳು. ಬೂಟು ಬಿಚ್ಚಿದ್ದು ನಿಜ.

ಅಕ್ಕೋರು ಅದನ್ನು ನೋಡಿದರು. ಓರೆಯಾಗಿದ್ದ ದಾಸವಾಳವನ್ನು ನೆಟ್ಟಗೆ ಮಾಡಿ ಹೋದರು.

ಹಮ್ಮಣ್ಣ ಕುಕ್ಕರಿನ ಮುಚ್ಚಳ ತೆಗೆದು ನನ್ನ ಕಡೆ ಕೈ ಚಾಚಿದ. "ಅದನ್ನೂ ಕೊಡು."

"ಸ್ವಾಮಿಗಳನ್ನಾ? ಪಾಪ ಬಂದೀತು ಮಾರಾಯ."

"ತಮಾಷೆ ಸಾಕು ವಿಠೋಬ. ಒಂದು ತೊಟ್ಟು ಹಾರಿ ಬಿದ್ದರೆ ನನ್ನ ಕೆಲಸ ಹಾಳು. ಎಲೆ ನೆಕ್ಕುವವರು ಯಾರೂ ಈ ಕೋಣೆಯಲ್ಲಿ ಬೇಡ."

"ಯಾರೂ?"

ಅವನು ನನ್ನ ಕೈಯಲ್ಲಿದ್ದ ಚಾ ಗ್ಲಾಸು ನೋಡಿದ. ಅವನ ಹೆಸರಿಗೇ ತಂದದ್ದು.

"ಯಾರೂ," ಅಂದ.

ನಾನು ಸ್ವಾಮಿಗಳನ್ನು ಎತ್ತಿಕೊಂಡು ಹಿಂಬದಿಗೆ ಹೋದೆ. ಅಕ್ಕೋರ ಅಡುಗೆ ಕಟ್ಟೆಯ ಮೇಲಿನ ಕಿಟಕಿಯಲ್ಲಿ, ಉಪ್ಪಿನ ಭರಣಿಯ ಪಕ್ಕ ಇಟ್ಟೆ. ಅವರು ಒಲೆಯ ಮುಂದಿದ್ದರು.

"ಎಲ್ಲಿಗೆ ಹೊರಟೆ?"

"ಲೋಕಸಂಚಾರಕ್ಕೆ, ಅಕ್ಕೋರೇ."

"ಗಂಜಿ ಉಂಡು ಹೋಗು."

ಉಂಡೆ. ಕಗ್ಗದ ಗಂಜಿ. ತಾರಿ ಹತ್ತುವಾಗ ಕಟ್ಟೆಯಲ್ಲಿ ನಿಂತವರಿಗೆ ಏನಾದರೂ ತಮಾಷೆ ಹೇಳಿ ಹೋಗಬೇಕೆಂದಿದ್ದೆ. ಅವತ್ತು ಬಾಯಿಗೆ ಬರಲಿಲ್ಲ.

ಗೋಕರ್ಣಕ್ಕೆ ಹೋಗಿ ಯಾತ್ರಿಕರಿಗೆ ಸಮುದ್ರದ ಗಾಳಿಯನ್ನು ಬಾಟಲಿಗಳಲ್ಲಿ ತುಂಬಿ ಮಾರಿ ಭಾರೀ ಶ್ರೀಮಂತನಾದೆ. ಇದೂ ಸುಳ್ಳು. ಭಾವನ ಖಾನಾವಳಿಯಲ್ಲಿ ಪಾತ್ರೆ ತೊಳೆದೆ.

ಇನ್ನು ಸ್ವಲ್ಪ ದೂರ ನಾನು ಕಣ್ಣಾರೆ ನೋಡಿದ್ದಲ್ಲ, ಹಮ್ಮಣ್ಣ ಹೇಳಿದ್ದು. ಹಾಗಾಗಿ ನೀವು ನಂಬಬಹುದು.

ಅವನು ಗೆದ್ದ. ಸೂಕ್ಷ್ಮದರ್ಶಕದ ಕೆಳಗೆ ಎಲ್ಲಿ ನೋಡಿದರೂ ಒಂದೇ ಆಕಾರ. ಗುಲಾಬಿಯ ಸುಳಿವಿಲ್ಲ. ಉಣ್ಣುವವ ಒಬ್ಬನೇ.

ಮೊದಲ ಬಾಟಲಿ ಮಬ್ಬಾಯಿತು. ಅದರ ತೊಟ್ಟು ಹಾಕಿದ ಮುಂದಿನದು ತಡವಾಗಿ ಮಬ್ಬಾಯಿತು. ಅದರ ಮುಂದಿನದು ಬಾವಿಯ ನೀರಿನ ಹಾಗೆ ತಿಳಿಯಾಗಿಯೇ ಉಳಿಯಿತು.

ಅವನು ಮೀಥೇನ್ ಹೆಚ್ಚು ಕೊಟ್ಟ. ಕಡಿಮೆ ಕೊಟ್ಟ. ಲವಣಗಳನ್ನು ಹೊಸದಾಗಿ ತೂಗಿ ಹಾಕಿದ. ಗಾಜನ್ನು ಮತ್ತೆ ಮತ್ತೆ ತೊಳೆದ.

"ಉಣ್ತಾ ಇಲ್ಲ, ಅಕ್ಕೋರೇ."

"ಏನೇನು ಕೊಟ್ಟೆ?"

"ಎಲ್ಲ ಕೊಟ್ಟೆ."

"ಏನೇನು ತೆಗೆದೆ?"

"ಬೇಡದ್ದನ್ನ."

"ಯಾರಿಗೆ ಬೇಡದ್ದು?"

ಹಮ್ಮಣ್ಣನಿಗೆ ಸಿಟ್ಟು ಬಂತು. ಒಗಟು ಕೇಳುವ ಹೊತ್ತಾ ಇದು ಅನ್ನಿಸಿತು. ಗೋಣಿಚೀಲ, ಕೋಲು ಹಿಡಿದುಕೊಂಡು ಹೊಸ ಕೆಸರು ತರಲು ಕೇದಗೆಬೈಲಿಗೆ ನಡೆದ.

ಒಡ್ಡು ಕಡಿದಿತ್ತು. ಕೇದಗೆ ಇರಲಿಲ್ಲ. ಕಗ್ಗ ಇದ್ದ ಕಡೆ ಚೌಕ ಚೌಕ ಹೊಂಡಗಳು, ಅಂಚಿಗೆಲ್ಲ ಸುಣ್ಣದ ಬಿಳಿ. ನೀರಿನಲ್ಲಿ ಯಂತ್ರದ ಚಕ್ರಗಳು ಪಟಪಟ ತಿರುಗುತ್ತಿದ್ದವು.

ಕಾವಲಿನವ ಬಂದ. "ಇಲ್ಲಿ ಎಂತಾ ಹುಡುಕ್ತ್ರಿ?"

"ಕೆಸರು."

"ಕೆಸರೆಲ್ಲ ಬಾಚಿ ತೆಗ್ದು ಬ್ಲೀಚಿಂಗ್ ಹಾಕಿ ತೊಳ್ದಾಯ್ತು ಮಾರಾಯ್ರೆ. ಈಗ ಶಿಗಡಿ ಸಾಕೂದು. ಕ್ಲೀನ್ ಇಲ್ದೆ ಹೋದ್ರೆ ಶಿಗಡಿ ಏಳೂದಿಲ್ಲ."

ಹಮ್ಮಣ್ಣ ಕಡಿದ ಒಡ್ಡಿನ ಮೇಲೆ ಕೂತ. ಹೊಂಡದಿಂದ ಬ್ಲೀಚಿಂಗಿನ ವಾಸನೆ ಬರುತ್ತಿತ್ತು. ಮುಖ ಮುಚ್ಚಿಕೊಳ್ಳಲು ಕೈ ಎತ್ತಿದರೆ ಕೈಯಲ್ಲೂ ಅದೇ ವಾಸನೆ.

ಕೋಠಿಗೆ ಮರಳಿ ಬಂದು ಅಕ್ಕೋರ ಎದುರು ನಿಂತ.

"ಗಜನಿ ಹೋಯ್ತು. ಹಳೇ ಬಾಟಲಿಗಳನ್ನ ನಾನೇ ಬೇಯಿಸಿದೆ. ಉಣ್ಣುವವ ಸಾಯ್ತಾ ಇದ್ದಾನೆ. ಇನ್ನು ಅವನು ಜಗತ್ತಿನಲ್ಲಿ ಎಲ್ಲೂ ಇಲ್ಲ, ಅಕ್ಕೋರೇ. ನಾನೇನು ಮಾಡ್ಲಿ?"

"ವಿಠೋಬನ್ನ ಕರ್ಕೊಂಡು ಬಾ."

"ವಿಠೋಬನ್ನಾ? ಅವನಿಗೆಂತಾ ಗೊತ್ತು?"

"ಎಂತದೂ ಗೊತ್ತಿಲ್ಲ. ಕರ್ಕೊಂಡು ಬಾ."

ಇಲ್ಲಿಂದ ಮತ್ತೆ ನಾನು ಕಂಡದ್ದು.

ನಾನು ಖಾನಾವಳಿಯ ಹಿತ್ತಲಲ್ಲಿ ದೊಡ್ಡ ಹಂಡೆಯೊಳಗೆ ತಲೆ ಹಾಕಿ ತಿಕ್ಕುತ್ತಿದ್ದೆ. ಹಂಡೆಯ ಹೊರಗಿಂದ ಯಾರೋ ಕೆಮ್ಮಿದರು. ತಲೆ ತೆಗೆದರೆ ಹಮ್ಮಣ್ಣ. ಕೆನ್ನೆ ಒಳಗೆ ಹೋಗಿ, ಅಂಗಿ ಸಡಿಲವಾಗಿ, ಬೇರೆ ಯಾರೋ ಅವನ ಬಟ್ಟೆ ಹಾಕಿಕೊಂಡು ಬಂದ ಹಾಗಿದ್ದ.

"ಅಕ್ಕೋರು ಕರೀತಾರೆ," ಅಂದ.

"ಅಕ್ಕೋರು ಕರೀತಾರಾ, ನೀನು ಕರೀತೀಯಾ?"

ಅವನು ಹಂಡೆ ನೋಡಿದ. ತೆಂಗಿನ ಮರ ನೋಡಿದ. ಭಾವನ ಬೆಕ್ಕು ನೋಡಿದ.

"ಚಾ ಕುಡೀತೀಯಾ?" ಅಂದ ಕೊನೆಗೆ.

ಕುಡಿದೆವು. ನಾನು ಅವನ ಎದುರು ನಮ್ಮ ಅಧಿಕಾರಿ ಬೂಟು ಬಿಚ್ಚಿದ ಕಥೆಯನ್ನು ಮತ್ತೊಮ್ಮೆ ಹೇಳಿದೆ, ಈ ಸಲ ಕಾಲುಚೀಲವನ್ನೂ ಬಿಚ್ಚಿಸಿದೆ. ಹಮ್ಮಣ್ಣ ನಗಲು ಹೋಗಿ ಚಾ ನೆತ್ತಿಗೇರಿಸಿಕೊಂಡ. ಅವನು ನಕ್ಕು ಎಷ್ಟು ದಿನವಾಗಿತ್ತೋ.

ನಗು ನಿಂತ ಮೇಲೆ ಗ್ಲಾಸು ಕೆಳಗಿಟ್ಟ. "ವಿಠೋ, ಆ ಸ್ವಾಮಿಗಳ ಬಾಟಲಿ ನೀನು ಇಲ್ಲಿಗೆ ತಂದಿದ್ಯಾ?"

"ಇಲ್ಲ. ಅಕ್ಕೋರ ಅಡುಗೆ ಕಿಟಕಿಯಲ್ಲೇ ಇಟ್ಟು ಬಂದೆ."

ಅವನು ಎದ್ದು ನಿಂತುಬಿಟ್ಟ.

"ಕೂತ್ಕೋ ಮಾರಾಯ. ನಾನು ಬಂದ ಮೇಲೆ ನೈವೇದ್ಯ ಹಾಕಿದವರು ಯಾರು? ಮಳೆಗಾಲ ಅರ್ಧ ಮುಗೀತು. ಸ್ವಾಮಿಗಳು ಸಮಾಧಿ ಆಗಿರ್ತಾರೆ."

ಈ ತಮಾಷೆಗೆ ಅವನೂ ನಗಲಿಲ್ಲ, ನಾನೂ ನಗಲಿಲ್ಲ.

ತಾರಿಯಲ್ಲಿ ಅವನು ಕೂರಲೇ ಇಲ್ಲ. ದೋಣಿ ದಡ ಮುಟ್ಟುವ ಮೊದಲೇ ನೀರಿಗೆ ಹಾರಿ ಓಡಿದ. ನಾನು ಹಿಂದೆ.

ಅಡುಗೆ ಕಟ್ಟೆಯ ಕಿಟಕಿ. ಉಪ್ಪಿನ ಭರಣಿ. ಅದರ ಪಕ್ಕ ನಮ್ಮ ಬಾಟಲಿ. ರಟ್ಟಿನ ಅಕ್ಷರ ಹೊಗೆಗೆ ಮಾಸಿತ್ತು. ಒಳಗೆ ಗುಲಾಬಿ ಮಬ್ಬು ಹಾಗೇ ದಟ್ಟವಾಗಿತ್ತು. ಎದುರಿಗೆ ಅವತ್ತೇ ಕೊಯ್ದ ದಾಸವಾಳ. ಸಾಸಿವೆ ಡಬ್ಬಿಯ ಮೇಲೆ ಒಂದು ಸಿರಿಂಜು.

"ನೀವಾ ಅಕ್ಕೋರೇ?" ಅಂದೆ.

"ಮಠ ಕಟ್ಟಿದವ ಓಡಿಹೋದ," ಅಂದರು ಅಕ್ಕೋರು, ಒಗ್ಗರಣೆಯ ಕಡೆಯಿಂದ ತಲೆ ಎತ್ತದೆ. "ಹಾಗಂತ ಸ್ವಾಮಿಗಳನ್ನ ಉಪವಾಸ ಕೆಡವೋಕಾಗ್ತದಾ?"

ಹಮ್ಮಣ್ಣ ಬಾಟಲಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನೆಲದ ಮೇಲೆ ಕೂತ. ಸ್ವಲ್ಪ ಹೊತ್ತು ಅವನ ಮುಖ ನೋಡದೆ ಇರುವುದೇ ಮರ್ಯಾದೆ ಅನ್ನಿಸಿ ನಾನು ಸಾಸಿವೆ ಡಬ್ಬಿ ನೋಡಿದೆ.

"ಇದು ನಿಮ್ಮ ಹತ್ರವೇ ಇತ್ತು," ಅಂದ ಆಮೇಲೆ. "ನನಗೆ ಹೇಳಲಿಲ್ಲ."

"ಬಾಟಲಿ ಎಲ್ಲಿ ಅಂತ ನೀನು ಕೇಳಲಿಲ್ಲ. ಏನು ಮಾಡ್ಲಿ ಅಂತ ಕೇಳಿದೆ. ಅದಕ್ಕೆ ಹೇಳಿದೆ."

ಬಾಟಲಿಯ ಗುಲಾಬಿಯವನನ್ನು ಕೆಲವು ದಿನ ಮೀಥೇನ್ ಇಲ್ಲದ ತಟ್ಟೆಯಲ್ಲಿ ಬೆಳೆಸಿ ಬೇರೆ ಮಾಡಿಕೊಂಡ ಮೇಲೆ ಅಕ್ಕೋರು ತಾವೇ ಮೇಜಿಗೆ ಬಂದು ಕೂತರು. ಒಂದು ಹೊಸ ಅಗರ್ ತಟ್ಟೆ ತೆಗೆದುಕೊಂಡರು. ಅದರ ಒಂದು ಅಂಚಿನಲ್ಲಿ ಗುಲಾಬಿಯವನ ಗೆರೆ ಎಳೆದರು. ಆ ಗೆರೆಯಿಂದ ಶುರುಮಾಡಿ ತಟ್ಟೆಯ ಆಚೆ ಅಂಚಿನವರೆಗೆ ಹಮ್ಮಣ್ಣನ ಸಾಯುತ್ತಿದ್ದ ಉಣ್ಣುವವನನ್ನು ಎಳೆದರು. ಮೀಥೇನ್ ಜಾಡಿಯಲ್ಲಿಟ್ಟು ಮುಚ್ಚಿದರು.

"ತೆಗೀಬೇಡ. ನಾನು ಹೇಳಿದಾಗ ತೆಗಿ."

ಆ ದಿನಗಳು ಹೇಗೆ ಕಳೆದವು ಅಂತ ಹೇಳಿದರೆ ನೀವು ನಂಬುವುದಿಲ್ಲ. ನಾನು ಒಂದೂ ತಮಾಷೆ ಮಾಡಲಿಲ್ಲ. ನಿಜ. ಜಾಡಿಯ ಪಕ್ಕದಲ್ಲೇ ಇಬ್ಬರೂ ಕೂತಿರುತ್ತಿದ್ದೆವು. ಹೊರಗೆ ಮಳೆ ಹೊಳೆಯ ಮೇಲೆ ಬೀಳುತ್ತಿತ್ತು, ಗೋಡೆ ಉಪ್ಪು ಬೆವರುತ್ತಿತ್ತು. ಅಕ್ಕೋರು ಒಳಗೆ ಸಾಮಾನು ಕಟ್ಟುವ ಸದ್ದು ಕೇಳುತ್ತಿತ್ತು. ಈಗ ಯಾವುದಾದರೂ ಹಳೇ ಗೋಡೆಯ ಉಪ್ಪಿನ ವಾಸನೆ ಬಂದರೆ ಸಾಕು, ನಾನು ಆ ಜಾಡಿಯ ಪಕ್ಕದಲ್ಲೇ ಇರುತ್ತೇನೆ.

"ತೆಗಿ," ಅಂದರು ಒಂದು ಬೆಳಿಗ್ಗೆ.

ಹಮ್ಮಣ್ಣ ತಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದ. ಗುಲಾಬಿ ಗೆರೆಯ ಪಕ್ಕದಲ್ಲಿ ಉಣ್ಣುವವ ದಪ್ಪಗೆ ಬೆಳೆದಿದ್ದ. ಅಲ್ಲಿಂದ ಒಂದು ಬೆರಳು ದೂರಕ್ಕೆ ತೆಳ್ಳಗಾಗಿದ್ದ. ಇನ್ನೂ ದೂರಕ್ಕೆ ಬಿಡಿ ಬಿಡಿ ಧೂಳು. ಆಚೆ ಅಂಚಿನಲ್ಲಿ ಸೂಜಿ ಎಳೆದ ಗುರುತು ಮಾತ್ರ.

"ಎಲೆ ನೆಕ್ಕುವವ ಇವನಿಗೆ ಏನೋ ಕೊಡ್ತಾ ಇದ್ದಾನೆ," ಅಂದ ಮೆಲ್ಲಗೆ.

"ಹಾಗೆ ಕಾಣ್ತದೆ."

"ಬಿದ್ದದ್ದು ತಿಂದುಕೊಂಡು ಸುಮ್ಮನೆ ಕೂತಿದ್ದಾನೆ ಅಂದುಕೊಂಡಿದ್ದೆ."

"ಅವನಿಗೂ ಗೊತ್ತಿರಲಿಕ್ಕಿಲ್ಲ," ಅಂದರು ಅಕ್ಕೋರು. ಹಾಗನ್ನುವಾಗ ಅವರು ನನ್ನ ಕಡೆ ಯಾಕೆ ನೋಡಿದರೋ, ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಆಮೇಲಿನದ್ದು ಬೇಗ ಆಯಿತು. ಗುಲಾಬಿಯವನು ಕೊಡುತ್ತಿದ್ದದ್ದು ಒಂದು ಜೀವಸತ್ವ. ನಮಗೆ ರಕ್ತ ಕಡಿಮೆಯಾದರೆ ಡಾಕ್ಟರು ಚುಚ್ಚುವ ಅದೇ ಕೆಂಪು ಔಷಧಿ. ಅದರ ಕಣ್ಣಿಗೆ ಕಾಣದಷ್ಟು ಅಂಶ ನೀರಿಗೆ ಬೆರೆಸಿದ ಮೇಲೆ ಉಣ್ಣುವವ ಒಬ್ಬನೇ ಇದ್ದೂ ಬೆಳೆದ. ನಳಿಕೆಯಲ್ಲಿ ಕೂತು ಭಂಡಾರಕ್ಕೆ ಹೊರಟ.

"ಅವನನ್ನೂ ಕಳಿಸು," ಅಂದರು ಅಕ್ಕೋರು ಗುಲಾಬಿ ತಟ್ಟೆ ತೋರಿಸಿ. "ಬೇರೆ ನಳಿಕೆಯಲ್ಲಿ, ಅದೇ ಪೆಟ್ಟಿಗೆಯಲ್ಲಿ."

ಹೆಸರಿನ ಮಾತು ಬಂತು. ಹಮ್ಮಣ್ಣ 'ಶಾಂತೇರಿ' ಅನ್ನುವುದಕ್ಕೆ ಲ್ಯಾಟಿನ್ ಬಾಲ ಹಚ್ಚಿ ಸಿದ್ಧಮಾಡಿಟ್ಟಿದ್ದ. ನಾನು 'ವಿಠೋಬ' ಅನ್ನುವುದಕ್ಕೆ ಹಚ್ಚಿಟ್ಟಿದ್ದೆ.

ಅಕ್ಕೋರು ಎರಡನ್ನೂ ಹೊಡೆದುಹಾಕಿದರು. "ನನ್ನ ನೆನಪಿಟ್ಟುಕೊಳ್ಳೋಕೆ ನೀವಿಬ್ಬರು ಇದ್ದೀರಿ. ಗಜನಿಗೆ ಯಾರಿದ್ದಾರೆ?"

ಹಾಗೆ ಅದಕ್ಕೆ ಕೇದಗೆಬೈಲಿನ ಹೆಸರು ಬಂತು. ಕೇದಗೆಬೈಲೆನ್ಸಿಸ್. ಕೇದಗೆ ಇಲ್ಲ, ಬೈಲು ಇಲ್ಲ. ಎಲ್ಲೋ ಒಂದು ತಣ್ಣಗಿನ ಕಪಾಟಿನಲ್ಲಿ ಅದರ ಹೆಸರು ಹೊತ್ತು ಒಬ್ಬ ಮಲಗಿದ್ದಾನೆ. ಎಬ್ಬಿಸಿ ಮೀಥೇನ್ ಕೊಟ್ಟರೆ ಇವತ್ತೂ ಉಣ್ಣುತ್ತಾನಂತೆ. ಕಗ್ಗದ ಗಂಜಿ ಮಾತ್ರ ನನಗೆ ಮತ್ತೆ ಸಿಕ್ಕಲಿಲ್ಲ.

ಅಕ್ಕೋರು ಹೊರಟ ದಿನ ಮಳೆ ಬಿಟ್ಟಿತ್ತು. ಕೋಠಿಗೆ ಬೀಗ ಬಿತ್ತು. ಅವರ ಟ್ರಂಕು, ಉಪ್ಪಿನ ಭರಣಿ, ಸಾಸಿವೆ ಡಬ್ಬಿ ಎಲ್ಲ ತಾರಿಕಟ್ಟೆಯಲ್ಲಿ ದೋಣಿಗೆ ಕಾಯುತ್ತಿದ್ದವು. ಸ್ವಾಮಿಗಳನ್ನು ಹಮ್ಮಣ್ಣ ಕಂಕುಳಲ್ಲಿ ಹಿಡಿದುಕೊಂಡಿದ್ದ. ಇನ್ನು ನೈವೇದ್ಯದ ಹೊಣೆ ಅವನದು.

ಚಾದಂಗಡಿಯ ಬೆಂಚಿನ ಮೇಲೆ ಮೂವರೂ ಕೂತೆವು. ಮೂರು ಚಾ ಬಂತು. ನಾನು ನನ್ನದು ಮುಗಿಸಿ ಇನ್ನೊಂದಕ್ಕೆ ಕೈ ಎತ್ತಿದೆ.

"ಅಕ್ಕೋರೇ," ಅಂದ ಹಮ್ಮಣ್ಣ, "ಅವನು ಒಬ್ಬನೇ ಇದ್ದರೆ ಉಳಿಯೋದಿಲ್ಲ ಅಂತ ನಿಮಗೆ ಮೊದಲೇ ಅನುಮಾನ ಇತ್ತು. ಅಲ್ವಾ?"

"ಇತ್ತು."

"ಹೇಳಬಹುದಿತ್ತಲ್ಲ."

"ಹೇಳಿದ್ರೆ ನೀನು ಬರ್ಕೊಳ್ತಿದ್ದೆ, ಅಷ್ಟೇ."

ಹೊಳೆಯ ನಡುವೆ ದೋಣಿ ಕಂಡಿತು.

"ನಿಮಗೆ ನಾನು ಏನಾದ್ರೂ ಕೊಡಬೇಕು," ಅಂದ ಹಮ್ಮಣ್ಣ. "ಗುರುದಕ್ಷಿಣೆ ಅಂತ. ಏನು ಕೊಡ್ಲಿ, ಹೇಳಿ."

ದೋಣಿ ದಡ ಮುಟ್ಟಿತು. ಅಕ್ಕೋರು ಎದ್ದರು, ಸೆರಗು ಸೊಂಟಕ್ಕೆ ಸಿಕ್ಕಿಸಿದರು, ನನ್ನ ಎರಡನೆಯ ಗ್ಲಾಸಿನ ಕಡೆ ಒಮ್ಮೆ ನೋಡಿದರು. ಆಮೇಲೆ ಹಮ್ಮಣ್ಣನಿಗೆ ಒಂದು ಮಾತು ಹೇಳಿ ನೀರಿಗಿಳಿದು ದೋಣಿ ಹತ್ತಿದರು. ಅವರ ಬಾಯಿಂದ ನಾವು ಕೇಳಿದ ಕೊನೆಯ ಮಾತು ಅದೇ. ಈ ಕಥೆಯಲ್ಲಿ ನಾನು ಒಂದಕ್ಷರವೂ ಬದಲಿಸದೆ ಇಟ್ಟುಕೊಂಡಿರುವುದು ಅದೊಂದನ್ನೇ. ಕಥೆ ಕೇಳಿದವರಿಗೆಲ್ಲ ಹೀಗೇ, ಖಾಲಿ ಗ್ಲಾಸು ಮುಂದಿಟ್ಟುಕೊಂಡು, ಅವರ ದನಿಯಲ್ಲೇ ಹೇಳುತ್ತೇನೆ. ನಿಮಗೂ ಹೇಳುತ್ತಿದ್ದೇನೆ, ಕೇಳಿ:

"ವಿಠೋಬನ ಚಾದ ದುಡ್ಡು ನೀನು ಕೊಡು."